ಕ್ಯೂ ಜ್ವರದ ರಕ್ತಪರೀಕ್ಷೆಯೂ ಮಂದೆಯ ಕ್ಷೇಮವೂ

ಕುರಿ, ಮೇಕೆ, ದನಗಳು ದಿನ ತುಂಬುವ ಮೊದಲೇ ಕಂದು ಹಾಕಿದರೆ ಅದನ್ನು ಗ್ರಹಚಾರವೆಂದೋ ಮೇವಿನ ದೋಷವೆಂದೋ ಭಾವಿಸಿ ಸುಮ್ಮನಾಗುವವರುಂಟು. ಅದೇ ಮಂದೆಯನ್ನು ಕಾಯುವವನಿಗೆ ಎರಡು ಮೂರು ವಾರಗಳಲ್ಲಿ ಜ್ವರವೂ ವಿಪರೀತ ತಲೆನೋವೂ ಬಂದರೆ, ಇವೆರಡಕ್ಕೂ ಸಂಬಂಧವಿರಬಹುದೆಂದು ಯೋಚಿಸುವವರು ವಿರಳ. ಹೀಗೆ ಪಶುವಿನಿಂದ ಮನುಷ್ಯನಿಗೆ ತಗಲುವ ರೋಗಗಳಲ್ಲಿ ಕ್ಯೂ ಜ್ವರವೂ ಒಂದು. ಇದರ ರಕ್ತಪರೀಕ್ಷೆಯ ಸುಧಾರಣೆಯು ವಿಜ್ಞಾನಿಗಳಿಗೆ ಮಾತ್ರ ಸೇರಿದುದಲ್ಲ. ಮಂದೆಯುಳ್ಳ ಪ್ರತಿಯೊಬ್ಬ ಜಮೀನುದಾರನ ಹಿತಕ್ಕೂ ಸೇರಿದುದಾಗಿದೆ.

1935ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಕಸಾಯಿಖಾನೆಯ ಕೆಲಸಗಾರರಲ್ಲಿ ಈ ಜ್ವರವು ಕಂಡುಬಂದಿತು. ಡೆರಿಕ್ ಎಂಬ ವೈದ್ಯರು 1937ರಲ್ಲಿ ಇದನ್ನು ವರ್ಣಿಸಿದರು. ಕಾರಣವು ಆಗ ತಿಳಿಯದಿದ್ದುದರಿಂದ, ಪ್ರಶ್ನೆ ಎಂಬರ್ಥದ ಇಂಗ್ಲಿಷ್ ಶಬ್ದದ ಮೊದಲಕ್ಷರವೇ ಹೆಸರಾಗಿ ನಿಂತಿತು. ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಸೂಕ್ಷ್ಮಾಣುವೇ ಇದಕ್ಕೆ ಕಾರಣ. ರೋಗ ತಗಲಿದ ಪಶುವು ಈದಾಗ ಅಥವಾ ಕಂದು ಹಾಕಿದಾಗ ಅದರ ಮಾಸಿನಲ್ಲಿ ಈ ಅಣುಗಳು ಅಪಾರವಾಗಿರುವುವು. ಅವು ಒಣಗಿ ಧೂಳಿನೊಡನೆ ಗಾಳಿಯಲ್ಲಿ ಸೇರಿ ಉಸಿರಿನ ಮೂಲಕ ಮನುಷ್ಯನನ್ನು ಹೊಗುತ್ತವೆ. ಬೇಗನೆ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಔಷಧವು ಗುಣಕಾರಿ. ಆದರೆ ರೋಗವು ಹೃದಯದ ಕವಾಟದಲ್ಲಿ ನೆಲೆಸಿದರೆ ಒಂದೂವರೆ ವರ್ಷವಾದರೂ ಚಿಕಿತ್ಸೆ ನಡೆಯಬೇಕಾಗುವುದು; ಪ್ರಾಣಾಪಾಯವೂ ಉಂಟು. ಗರ್ಭಿಣಿಯರಿಗೂ ಇದು ಹಾನಿಕರ.

ಈಗ ರೂಢಿಯಲ್ಲಿರುವ ಪರೀಕ್ಷೆಗೆ ಇಡೀ ಸೂಕ್ಷ್ಮಾಣುವನ್ನೇ ಬೆಳೆಸಿ, ಕೊಂದು ಉಪಯೋಗಿಸುತ್ತಾರೆ. ಅದರ ವಿರುದ್ಧವಾಗಿ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಅಳೆಯುತ್ತಾರೆ. ಮೂರರಿಂದ ಆರು ವಾರಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಅಳತೆಯು ನಾಲ್ಕು ಪಟ್ಟು ಏರಿದರೆ ರೋಗವು ಹೊಸದೆಂದು ನಿಶ್ಚಯವಾಗುವುದು. ಕೆಲವೇ ಅಣುಗಳಿಂದ ರೋಗ ತಗಲುವುದರಿಂದ ಇವನ್ನು ಬೆಳೆಸಲು ವಿಶೇಷ ಭದ್ರತೆಯುಳ್ಳ ಪ್ರಯೋಗಶಾಲೆಯೇ ಬೇಕು. ಇಂತಹ ಪರೀಕ್ಷೆಯು ಹಳ್ಳಿಯ ರೋಗಿಗೆ ದೂರವಾಗಿಯೇ ಉಳಿಯುವುದು ಸಹಜ.

ಆದುದರಿಂದ ಸೂಕ್ಷ್ಮಾಣುವಿನ ಕೆಲವು ಪ್ರೋಟೀನುಗಳನ್ನು ಮಾತ್ರ ಆರಿಸಿ, ಅವನ್ನು ನಿರಪಾಯಕರವಾದ ಬೇರೆ ಅಣುಗಳಲ್ಲಿ ತಯಾರಿಸುವ ಮಾರ್ಗವನ್ನು ವಿಜ್ಞಾನಿಗಳು ಹಿಡಿದಿದ್ದಾರೆ. ಕಾಮ್-1 ಎಂಬ ಹೊರಪೊರೆಯ ಪ್ರೋಟೀನು ಇವುಗಳಲ್ಲೊಂದು. ಎಲ್ಲ ರೋಗಿಗಳ ರಕ್ತವೂ ಒಂದೇ ಪ್ರೋಟೀನಿಗೆ ಸಮನಾಗಿ ಸ್ಪಂದಿಸದು; ಆದಕಾರಣ ಹಲವನ್ನು ಕೂಡಿಸಿ ನೋಡುವುದೇ ಯುಕ್ತ.

ಇದರಿಂದ ಮಂದೆಯವರಿಗೇನು ಲಾಭವೆಂದು ಕೇಳುವವರು ನೆದರ್‌ಲೆಂಡ್ಸ್ ದೇಶದ ಅನುಭವವನ್ನು ನೋಡಬೇಕು. ಅಲ್ಲಿ 2007ರಿಂದ 2010ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನರಲ್ಲಿ ಈ ಜ್ವರವು ವರದಿಯಾಯಿತು. ಕೊನೆಗೆ ರೋಗವಿದ್ದ ದೊಡ್ಡಿಗಳ ಗಬ್ಬದ ಮೇಕೆಗಳನ್ನು, ಲಸಿಕೆ ಹಾಕಿದವನ್ನೂ ಬಿಡದೆ, ಕೊಲ್ಲಬೇಕಾಯಿತು; ಸತ್ತ ಮೇಕೆಗಳ ಸಂಖ್ಯೆ 50,000ಕ್ಕೆ ಮೀರಿತು. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಕ್ಕೂ ರೋಗದಿಂದ ಹುಟ್ಟಿದುದಕ್ಕೂ ಇರುವ ಭೇದವನ್ನು ರೂಢಿಯ ರಕ್ತಪರೀಕ್ಷೆಯು ತೋರಿಸಲಾರದು. ಈ ಭೇದವನ್ನು ತೋರಿಸಬಲ್ಲ ಪ್ರೋಟೀನು ದೊರೆತರೆ, ಲಸಿಕೆ ಹಾಕಿಸಿದ ರೈತನ ಶ್ರಮವು ವ್ಯರ್ಥವಾಗದು. ಇಂತಹ ಸಂಶೋಧನೆಗೆ ವೆಚ್ಚವಾಗುವ ಹಣವು ಮಂದೆಯ ಬೆಲೆಯ ಮುಂದೆ ಅಲ್ಪವೆಂದೇ ಹೇಳಬೇಕು.

ಭಾರತದ ಪಶುಗಳಲ್ಲಿಯೂ ಜನರಲ್ಲಿಯೂ ಈ ರೋಗದ ಕುರುಹುಗಳು ಕಂಡಿವೆ. ಆದರೆ ಎಂತಹ ಉತ್ತಮ ಪರೀಕ್ಷೆಯಾದರೂ ರಕ್ತದ ಮಾದರಿಯು ಬಂದ ಹೊರತು ನಿರುಪಯೋಗಿ. ಪಶುಗಳ ಬೆಲೆ ಬಿದ್ದೀತೆಂದು ಕಂದು ಹಾಕಿದ ಸಂಗತಿಯನ್ನು ಮುಚ್ಚಿಡುವ ಯಜಮಾನನು ತನ್ನ ಮನೆಯವರನ್ನೇ ಅಪಾಯಕ್ಕೆ ಒಡ್ಡುತ್ತಾನೆ. ಗ್ರಾಮದ ಮುಖ್ಯಸ್ಥರು ಇಂತಹ ಸಂಗತಿಯನ್ನು ಕೂಡಲೇ ಪಶುವೈದ್ಯರಿಗೆ ತಿಳಿಸತಕ್ಕದ್ದು. ಜ್ವರ ಬಂದ ಕುರುಬನು ತಾನು ಮಂದೆಯವನೆಂಬುದನ್ನು ಡಾಕ್ಟರಿಗೆ ಹೇಳುವಂತೆ ನೋಡಿಕೊಳ್ಳತಕ್ಕದ್ದು. ಮಾಸನ್ನು ನಾಯಿಗಳಿಗೆ ಎಸೆಯದೆ ಆಳವಾಗಿ ಹೂಳಿಸಬೇಕು. ಗರ್ಭಿಣಿಯರನ್ನು ಈಯುವ ಪಶುಗಳಿಂದ ದೂರವಿಡಬೇಕು. ಹಾಲನ್ನು ಕಾಯಿಸಿಯೇ ಕುಡಿಯಬೇಕು. ಹೊಸ ಪರೀಕ್ಷೆಯು ಬರುವವರೆಗೆ ಕಾಯಬೇಕಾದ ಕಾರ್ಯಗಳು ಇವಲ್ಲ.