ಲಂಡನ್ ಓಲೆ – 17: ಹಿಮ ಹಣೆಬರಹ ನೋಡಿ ಬೀಳೋದಿಲ್ಲ

ಊರಿನ ಗ್ರೂಪ್‌ನಲ್ಲಿ ಜನವರಿಯ ಕೇದಾರಕಂಠ ಟ್ರೆಕ್ ಪ್ಲ್ಯಾನ್ ನೋಡಿದೆ. ಶೂ, ಜಾಕೆಟ್, ಚಕ್ಕುಲಿ ಡಬ್ಬಿ ಎಲ್ಲದರ ಲೆಕ್ಕ ಇದೆ. ಹವಾಮಾನದ ಮಾತೆತ್ತಿದರೆ ಮಾತ್ರ ಒಂದೇ ಉತ್ತರ: "ಹಣೆಬರಹದಾಗ ಇದ್ದದ್ದು ತಪ್ಪಂಗಿಲ್ಲ." ನನ್ನ ಜಗಳ ಈ ಮಾತಿನ ಜೊತೆಗೇ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋದ 22 ಜನರಲ್ಲಿ ಹೆಚ್ಚಿನವರು ನಮ್ಮ ರಾಜ್ಯದವರೇ. 9 ಮಂದಿ ತೀರಿಕೊಂಡರು. ಅದು ಹಿಮಕುಸಿತ ಅಲ್ಲ, ಹಿಮಗಾಳಿ. ಜೂನ್‌ನಲ್ಲೇ ಹೀಗಾದರೆ ಜನವರಿಯಲ್ಲಿ? ನರ್ಸ್ ಆಗಿ ಹೇಳ್ತೀನಿ ಕೇಳಿ: ದೇಹದೊಳಗಿನ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ಮಾತು ತೊದಲುತ್ತೆ, ಬುದ್ಧಿ ಮಂಕಾಗುತ್ತೆ. ಆ ಚಳಿಯಲ್ಲೇ ನಡುಕ ನಿಂತರೆ ಸುಧಾರಿಸಿದ ಅಂತಲ್ಲ, ಕೈಮೀರುತ್ತಿದೆ ಅಂತ ಅರ್ಥ.

ಹಿಮಕುಸಿತಕ್ಕೂ ಕಾರಣ ಇರುತ್ತೆ. 30ರಿಂದ 45 ಡಿಗ್ರಿ ಇಳಿಜಾರು, ಮೇಲೆ ಹೊಸದಾಗಿ ಬಿದ್ದ ಅಥವಾ ಗಾಳಿ ತಂದು ಒಟ್ಟಿದ ಹಿಮ, ಅಡಿಯಲ್ಲಿ ಸಡಿಲ ಪದರ. ಅದರ ಮೇಲೆ ಒಬ್ಬ ಮನುಷ್ಯನ ಭಾರ ಸಾಕು. ಸಿಕ್ಕಿಬಿದ್ದು ಸತ್ತವರಲ್ಲಿ ಬಹುಪಾಲು ಜನರ ಮೇಲೆ ಹಿಮ ಜಾರಿದ್ದು ಅವರದೇ ಅಥವಾ ಜೊತೆಗಾರರದೇ ಹೆಜ್ಜೆಗೆ. ಹೂತವರನ್ನು 15 ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ಸರ್ರನೆ ಇಳಿಯುತ್ತೆ. ಅಷ್ಟರಲ್ಲಿ ಹೆಲಿಕಾಪ್ಟರ್ ಬರಲ್ಲ.

"ನಮ್ಮ ಬೆಟದೂರಿನ ಹನುಮಂತಪ್ಪ ಆರು ದಿನ ಬದುಕಿರಲಿಲ್ಲೇನು?" ಅಂತ ಒಬ್ಬರು ಬರೆದಿದ್ದಾರೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಅವರ ಜೊತೆ ಹೂತುಹೋದ 9 ಯೋಧರು ಬದುಕಲಿಲ್ಲ. 11ಕ್ಕೆ ಅವರೂ ಹೋದರು. ಅವರದು ಕಾವಲು, ಇಳಿದು ಬರುವ ಹಾಗಿರಲಿಲ್ಲ. ನೀವು ಇಳಿದು ಬರಬಹುದು. ಅದನ್ನು ಮಾಡದೆ ಅವರ ಹೆಸರು ಹೇಳೋದು ಗೌರವ ಅಲ್ಲ.

ಇಲ್ಲಿ ನನ್ನ ಸಹೋದ್ಯೋಗಿಗಳು ಯೂಸ್ಟನ್‌ನಲ್ಲಿ ಸ್ಕಾಟ್ಲೆಂಡಿನ ರಾತ್ರಿ ರೈಲು ಹತ್ತುವ ಮೊದಲು ಅಲ್ಲಿನ ಹಿಮಕುಸಿತ ಮುನ್ಸೂಚನೆ ನೋಡ್ತಾರೆ. ಚಳಿಗಾಲದಲ್ಲಿ ದಿನಾ ಬರುತ್ತೆ, 1ರಿಂದ 5ರವರೆಗೆ ಅಪಾಯದ ಮಟ್ಟ. ಮಟ್ಟ ಏರಿದ್ದರೆ ಟಿಕೆಟ್ ದುಡ್ಡು ಬಿಟ್ಟು ಮನೆಯಲ್ಲೇ ಉಳೀತಾರೆ. ಯಾರೂ ಅವರನ್ನು ಹೇಡಿ ಅನ್ನಲ್ಲ.

ನಮ್ಮಲ್ಲೂ ಹವಾಮಾನ ಇಲಾಖೆ ಇದೆ, ಚಂಡೀಗಢದ ಡಿಜಿಆರ್‌ಇ ಜಿಲ್ಲಾವಾರು ಹಿಮಕುಸಿತ ಎಚ್ಚರಿಕೆ ಕೊಡುತ್ತೆ. "ಗೈಡ್ ನೋಡ್ಕೋತಾನೆ" ಅಂತೀರಾ? ಬೇಡ ಅಂದ ಗೈಡ್‌ಗೆ "ದುಡ್ಡು ಕೊಟ್ಟೀವಿ" ಅಂತ ದಬಾಯಿಸೋರೂ ನೀವೇ ತಾನೆ?

ಅಡ್ವಾನ್ಸ್ ಕಟ್ಟುವ ಮೊದಲು ಕೇಳಿ: ಮುನ್ಸೂಚನೆ ದಿನಾ ಯಾರು ನೋಡ್ತಾರೆ? ವಾಪಸ್ ಅನ್ನೋ ಮಾತು ಯಾರದು? ಆಗ ದುಡ್ಡು ಹೋದರೂ ಎಲ್ಲರೂ ಒಪ್ಪುತ್ತೀರಾ? ಉತ್ತರ ಸಿಗದಿದ್ದರೆ ಹೋಗಬೇಡಿ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತೆ.