ಊರಿನ ಹೆಸರು ಹೊತ್ತು ಮರೆಯಾದ ಸಲಗ

ರಜೆಯ ದಿನಗಳಲ್ಲಿ ಡಂಬಳದಂಥ ಯಾವ ಊರಿಗೆ ಹೋದರೂ ಬಯಲಿನಲ್ಲಿ ಹುಡುಗರ ಕ್ರಿಕೆಟ್ ಕಣ್ಣಿಗೆ ಬೀಳುತ್ತದೆ. ಈ ತಂಡಗಳಿಗೆ ಮಾಲೀಕರಿಲ್ಲ, ಆಟಗಾರರ ಹರಾಜೂ ಇಲ್ಲ. ಓಣಿಯ ಹೆಸರೇ ತಂಡದ ಹೆಸರು. ಗೆದ್ದರೆ ಇಡೀ ಓಣಿಗೆ ಹಿಗ್ಗು, ಸೋತರೆ ಇಡೀ ಓಣಿಗೆ ಮುಖಭಂಗ. ಇದೇ ನಂಟನ್ನು ದುಡ್ಡು ಹಾಕಿ ಕಟ್ಟಲು ಹೊರಟರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮುಂಡರಗಿ ದಾಟಿ, ಕೊಪ್ಪಳ, ಹೊಸಪೇಟೆಗಳ ಮಾರ್ಗವಾಗಿ ಸಾಗಿದರೆ ಸಿಗುವ ಬಳ್ಳಾರಿಯ ಹೆಸರಿನಲ್ಲಿಯೇ ಅಂಥದೊಂದು ತಂಡ ಹುಟ್ಟಿ, ಬೆಳಗಿ, ಮರೆಯಾಗಿದೆ. ಅದೇ ಬಳ್ಳಾರಿ ಟಸ್ಕರ್ಸ್. ಟಸ್ಕರ್ ಎಂದರೆ ಕೋರೆದಂತದ ಆನೆ, ಸಲಗ.

ಊರಿಗೊಂದು ವೃತ್ತಿಪರ ತಂಡವೆಂಬುದು ಅಮೆರಿಕದಲ್ಲಿ ಹಳೆಯ ಪದ್ಧತಿ. ಅಲ್ಲಿನ ಸಣ್ಣ ಸಣ್ಣ ಪಟ್ಟಣಗಳಿಗೂ ತಮ್ಮದೇ ಬೇಸ್‌ಬಾಲ್ ತಂಡಗಳುಂಟು. ದೊಡ್ಡ ಲೀಗಿಗೆ ಆಟಗಾರರನ್ನು ತಯಾರು ಮಾಡಿ ಕಳಿಸುವ ಇವುಗಳ ಕೂಟವನ್ನು ಮೈನರ್ ಲೀಗ್ ಎನ್ನುತ್ತಾರೆ. ಇವು ಹುಟ್ಟುವುದೂ ಬೇಗ, ಅಳಿಯುವುದೂ ಬೇಗ. 2021ರಲ್ಲಿ ದೊಡ್ಡ ಲೀಗಿನವರು ತಮ್ಮ ಅಧೀನದ ಇಂಥ ತಂಡಗಳ ಸಂಖ್ಯೆಯನ್ನು 160ರಿಂದ 120ಕ್ಕೆ ಇಳಿಸಿದರು. ನಲವತ್ತು ತಂಡಗಳ ಹಣೆಬರಹ ಬೇರೆಲ್ಲೋ ನಡೆದ ಲೆಕ್ಕಾಚಾರದಲ್ಲಿ ತೀರ್ಮಾನವಾಯಿತು.

ನಮ್ಮಲ್ಲಿ 2008ರಲ್ಲಿ ಐಪಿಎಲ್ ಆರಂಭವಾದ ಮರುವರ್ಷವೇ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಕರ್ನಾಟಕ ಪ್ರೀಮಿಯರ್ ಲೀಗ್ ಶುರು ಮಾಡಿತು. ನೆರೆಯ ತಮಿಳುನಾಡಿನ ಲೀಗ್ ಬಂದದ್ದು 2016ರಲ್ಲಿ ಎಂಬುದನ್ನು ನೋಡಿದರೆ ಕರ್ನಾಟಕ ಎಷ್ಟು ಮುಂದಿತ್ತೆಂದು ತಿಳಿಯುತ್ತದೆ. ಮೊದಲ ವರ್ಷ ಎಂಟು ತಂಡಗಳು. ಬಿಜಾಪುರ, ಬೆಳಗಾವಿ, ದಾವಣಗೆರೆ, ಮಂಗಳೂರು ಎಂದು ಊರೂರಿನ ಹೆಸರುಗಳು ಅಂಗಿಯ ಮೇಲೆ ಮೂಡಿದವು. ಆದರೆ ಎರಡೇ ವರ್ಷಕ್ಕೆ ಗಾಡಿ ನಿಂತಿತು. 2011ರಿಂದ 2013ರವರೆಗೆ ಲೀಗ್ ನಡೆಯಲೇ ಇಲ್ಲ. 2014ರಲ್ಲಿ ಮತ್ತೆ ಆರಂಭವಾದಾಗ ದಾವಣಗೆರೆಯ ತಂಡ ಮರಳಲಿಲ್ಲ. ಬಳ್ಳಾರಿಯ ಸಲಗ ಕಣಕ್ಕಿಳಿದದ್ದು ಈ ಎರಡನೆಯ ಘಟ್ಟದಲ್ಲಿ.

ಇಲ್ಲೊಂದು ಸಂಗತಿ ಗಮನಿಸಬೇಕು. ತಂಡ ಬಳ್ಳಾರಿಯದು, ಪಂದ್ಯಗಳು ನಡೆದದ್ದು ಮಾತ್ರ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳಲಾಗುತ್ತಿತ್ತು. ಈ ವರ್ಷ ಬಳ್ಳಾರಿಗೆ ಆಡಿದವನು ಬರುವ ವರ್ಷ ಹುಬ್ಬಳ್ಳಿಗೋ ಬೆಳಗಾವಿಗೋ ಆಡಬಹುದಿತ್ತು. ಬಳ್ಳಾರಿಯ ಹುಡುಗನಿಗೆ ತನ್ನೂರಿನ ತಂಡ ಕಾಣುತ್ತಿದ್ದುದು ಬಹುಮಟ್ಟಿಗೆ ಟಿ.ವಿ. ಪರದೆಯ ಮೇಲೆಯೇ. ಹಾಗಿದ್ದರೂ 2016ರಲ್ಲಿ ಟಸ್ಕರ್ಸ್ ತಂಡ ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಹೆಸರಿಗೂ ಒಂದು ಶಕ್ತಿಯಿದೆ. ಊರಿನ ಹೆಸರು ಗೆದ್ದಾಗ ಊರಿನವರ ಎದೆ ಉಬ್ಬುವುದು ಸಹಜ.

ಈ ತಂಡದ ಇತಿಹಾಸದ ತಿರುಳೆಲ್ಲ 2019ರ ಆಗಸ್ಟ್ ತಿಂಗಳ ಒಂದೇ ವಾರದಲ್ಲಿದೆ. ಆಗಸ್ಟ್ 23ರಂದು ಬೆಂಗಳೂರಿನಲ್ಲಿ ಶಿವಮೊಗ್ಗ ಲಯನ್ಸ್ ವಿರುದ್ಧ ಪಂದ್ಯ. ಮಳೆಯಿಂದಾಗಿ ಆಟ 17 ಓವರುಗಳಿಗೆ ಇಳಿದಿತ್ತು. ಬಳ್ಳಾರಿಯ ಕೃಷ್ಣಪ್ಪ ಗೌತಮ್ ಕೇವಲ 56 ಎಸೆತಗಳಲ್ಲಿ ಔಟಾಗದೆ 134 ರನ್ ಹೊಡೆದರು. ಅದರಲ್ಲಿ 13 ಸಿಕ್ಸರ್, 7 ಬೌಂಡರಿ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: 20 ಎಸೆತಗಳಲ್ಲಿಯೇ 106 ರನ್ ಬಂದಿವೆ, ಉಳಿದ 36 ಎಸೆತಗಳಲ್ಲಿ 28 ಮಾತ್ರ. ಅಲ್ಲಿಗೆ ಮುಗಿಯಲಿಲ್ಲ. ಬಳಿಕ ಆಫ್ ಸ್ಪಿನ್ ಬೌಲಿಂಗಿಗೆ ಇಳಿದು, ನಾಲ್ಕು ಓವರುಗಳಲ್ಲಿ 15 ರನ್ ಕೊಟ್ಟು 8 ವಿಕೆಟ್ ಕಿತ್ತರು! ಆಗ ಟ್ವೆಂಟಿ20ಯ ಅಧಿಕೃತ ವಿಶ್ವದಾಖಲೆ ಇದ್ದದ್ದು 18 ರನ್ನಿಗೆ 7 ವಿಕೆಟ್. ಆದರೆ ಕೆಪಿಎಲ್ ಪಂದ್ಯಗಳಿಗೆ ಅಧಿಕೃತ ಮಾನ್ಯತೆ ಇರಲಿಲ್ಲವಾದ್ದರಿಂದ ಗೌತಮ್ ಸಾಧನೆ ದಾಖಲೆಯ ಪುಸ್ತಕ ಸೇರಲಿಲ್ಲ.

ಅದಾಗಿ ಎಂಟನೆಯ ದಿನ, ಆಗಸ್ಟ್ 31ರಂದು, ಮೈಸೂರಿನಲ್ಲಿ ಫೈನಲ್. ಎದುರಾಳಿ ಮತ್ತೆ ಹುಬ್ಬಳ್ಳಿ ಟೈಗರ್ಸ್. ಬಳ್ಳಾರಿ 8 ರನ್ನುಗಳಿಂದ ಸೋತಿತು. ಸೋಲು ಆಟದ ಸ್ವಭಾವ, ಅದರಲ್ಲಿ ನಾಚಿಕೆಯಿಲ್ಲ. ಆದರೆ ಕೆಲವೇ ವಾರಗಳಲ್ಲಿ ಬೆಂಗಳೂರು ಪೊಲೀಸರು ಲೀಗಿನ ಬೆಟ್ಟಿಂಗ್ ವ್ಯವಹಾರದ ತನಿಖೆಗೆ ಇಳಿದರು. ತಂಡವೊಂದರ ಮಾಲೀಕರ ಬಂಧನವಾಯಿತು. ನವೆಂಬರ್‌ನಲ್ಲಿ ಬಳ್ಳಾರಿಯ ಇಬ್ಬರು ಆಟಗಾರರೂ ಬಂಧಿತರಾದರು. ಫೈನಲ್‌ನಲ್ಲಿ ನಿಧಾನವಾಗಿ ಆಡಲು ಹಣ ಪಡೆದರೆಂಬುದು ಅವರ ಮೇಲಿನ ಆರೋಪ.

2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಈ ಮೊಕದ್ದಮೆಯನ್ನು ರದ್ದುಪಡಿಸಿತು. ಅದರ ತರ್ಕ ಕುತೂಹಲಕರ. ವಂಚನೆಯ ಅಪರಾಧ ಆಗಬೇಕಾದರೆ ಯಾರನ್ನೋ ಮೋಸದಿಂದ ಪ್ರೇರೇಪಿಸಿ ಅವರ ಸ್ವತ್ತನ್ನು ಪಡೆದಿರಬೇಕು. ಪ್ರೇಕ್ಷಕ ಟಿಕೆಟ್ ಕೊಳ್ಳುವುದು ಸ್ವಇಚ್ಛೆಯಿಂದ. ಆದ್ದರಿಂದ ಪಂದ್ಯ ನಿಗದಿ ಮಾಡುವುದು ಅಪ್ರಾಮಾಣಿಕತೆ, ಅಶಿಸ್ತು ಎನಿಸಬಹುದು. ಅದರ ಮೇಲೆ ಕ್ರಮ ಕೈಗೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ. ದಂಡ ಸಂಹಿತೆಯ ವಂಚನೆಯ ಕಲಮಿನಡಿ ಅದು ಬರುವುದಿಲ್ಲ. ಹೀಗಾಗಿ ಆ ಆರೋಪ ನ್ಯಾಯಾಲಯದಲ್ಲಿ ವಿಚಾರಣೆಯಾಗಿ ರುಜುವಾತಾಗಲಿಲ್ಲ. ಆದರೆ ಅಷ್ಟರಲ್ಲಿ ಲೀಗೇ ಮುಗಿದುಹೋಗಿತ್ತು. 2019ರದ್ದೇ ಕೆಪಿಎಲ್‌ನ ಕೊನೆಯ ಆವೃತ್ತಿ. 2022ರಲ್ಲಿ ಮಹಾರಾಜ ಟ್ರೋಫಿಯೆಂಬ ಹೊಸ ಹೆಸರಿನಲ್ಲಿ ಆರು ತಂಡಗಳ ಲೀಗ್ ಬಂದಾಗ ಅದರಲ್ಲಿ ಬಳ್ಳಾರಿ ಇರಲಿಲ್ಲ, ಬೆಳಗಾವಿ, ಬಿಜಾಪುರಗಳೂ ಇರಲಿಲ್ಲ.

ಸಲಗ ನಿಜವಾಗಿ ಕಳೆದುಕೊಂಡದ್ದೇನು? ಪ್ರಶಸ್ತಿಯನ್ನಲ್ಲ, ನಂಬಿಕೆಯನ್ನು. ಒಮ್ಮೆ ಸಂಶಯ ಹೊಕ್ಕಿತೆಂದರೆ ನಿಧಾನವಾಗಿ ಆಡಿದವನ ಪ್ರತಿ ಎಸೆತವೂ ಪ್ರಶ್ನೆಯಾಗುತ್ತದೆ. ಪ್ರಾಮಾಣಿಕವಾಗಿ ಬೆವರು ಸುರಿಸಿದವನೂ ಅದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳುತ್ತಾನೆ. ತಪ್ಪು ಯಾರದೇ ಇರಲಿ, ದಂಡ ತೆರುವವರು ಎಲ್ಲರೂ. ಓಣಿಯ ತಂಡದಲ್ಲಿ ಒಬ್ಬ ಬೇಕೆಂದೇ ಕ್ಯಾಚ್ ಬಿಟ್ಟರೆ ಸಂಜೆಗೆ ಅವನು ಅದೇ ಓಣಿಗೆ ಮರಳಬೇಕು, ಎಲ್ಲರಿಗೂ ಮುಖ ತೋರಿಸಬೇಕು. ಹರಾಜಿನಲ್ಲಿ ಕಟ್ಟಿದ ತಂಡಕ್ಕೆ ಆ ಕಾವಲು ಇಲ್ಲ.

ಮಗ ಕ್ರಿಕೆಟ್ ಹುಚ್ಚು ಹಚ್ಚಿಕೊಂಡಿದ್ದಾನೆಂದು ಚಿಂತಿಸುವ ತಂದೆ ತಾಯಿಯರಿಗೆ ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಗದುಗಿನ ಸುನೀಲ ಜೋಶಿ ಬಾಲಕನಾಗಿದ್ದಾಗ ಅವರಿಗೆ ಲೀಗೂ ಇರಲಿಲ್ಲ, ಹರಾಜೂ ಇರಲಿಲ್ಲ. ಅಭ್ಯಾಸಕ್ಕೆಂದು ಬೆಳಗಿನಲ್ಲಿ ಸುಮಾರು 58 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಗದುಗಿಗೆ ಮರಳುತ್ತಿದ್ದರು. ಅದೇ ಎಡಗೈ ಸ್ಪಿನ್ನರ್ 1996ರಲ್ಲಿ ಭಾರತದ ಟೆಸ್ಟ್ ತಂಡ ಸೇರಿದರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ 6 ಮೇಡನ್ ಹಾಕಿ, ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಎದುರಾಳಿಗಳು 117ಕ್ಕೆ ಆಲೌಟ್ ಆದರು.

ತಂಡ ಹುಟ್ಟುತ್ತದೆ, ಲೀಗ್ ಮುಚ್ಚುತ್ತದೆ, ಅಂಗಿಯ ಬಣ್ಣ ಬದಲಾಗುತ್ತದೆ. ಬೆಳಗಿನ ರೈಲು ಹಿಡಿದು ಕಲಿತದ್ದನ್ನು ಯಾವ ಮಾಲೀಕನೂ ಮಾರಲಾರ. ಡಂಬಳದ ಬಯಲಿನ ಹುಡುಗರು ಮುಂದೆ ಯಾವ ಊರಿನ ಅಂಗಿ ತೊಟ್ಟರೂ ಚಿಂತೆಯಿಲ್ಲ. ಆಟ ಮುಗಿಸಿ ತಮ್ಮ ಓಣಿಗೆ ತಲೆಯೆತ್ತಿ ಮರಳುವಂತಿದ್ದರೆ ಸಾಕು.