ನಕ್ಷತ್ರದ ಹಿಂದಿನ ಮುಚ್ಚಳಿಕೆ

ಪ್ರತಿ ಜನವರಿ ಪದ್ಮ ಪ್ರಶಸ್ತಿಗಳ ಪಟ್ಟಿ ಹೊರಬಿದ್ದಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಕೊಡುವ ಸರ್ಕಾರ ಯಾವುದಾದರೇನು, ಸಾಧನೆಗೆ ಸಂದ ಗೌರವ ಗೌರವವೇ. ಬ್ರಿಟಿಷರು ಕೊಟ್ಟ ಬಿರುದುಗಳಿಗೂ ಇದೇ ಅಳತೆ ಹಿಡಿಯುವವರಿದ್ದಾರೆ. ಕೇಳಲು ಉದಾರವಾದ ಮಾತು, ಒಳಗೆ ಪೊಳ್ಳು. ಪ್ರಭುತ್ವ ತೊಡಿಸುವ ಗೌರವವನ್ನು ತೂಗಬೇಕಾದದ್ದು ಅದರ ಜೊತೆಗೆ ಬರುವ ಷರತ್ತುಗಳಿಂದ. ತೊಟ್ಟವರ ಯೋಗ್ಯತೆ ಬೇರೆಯದೇ ಲೆಕ್ಕ. ‘ಸ್ಟಾರ್ ಆಫ್ ಇಂಡಿಯಾ’ ಆರ್ಡರಿನ ಚರಿತ್ರೆ ಬಲ್ಲವರು ಈ ಎರಡನ್ನು ಕಲಸುವುದಿಲ್ಲ.

ಆ ಆರ್ಡರ್ ಹುಟ್ಟಿದ್ದು 1861ರಲ್ಲಿ. ಗವರ್ನರ್ ಜನರಲ್ ಡಾಲ್‌ಹೌಸಿ ಸತಾರಾ, ಝಾನ್ಸಿ, ನಾಗಪುರ, ಅವಧ್‌ಗಳನ್ನು ಒಂದೊಂದಾಗಿ ನುಂಗಿದ್ದ. 1857ರ ಬೆಂಕಿಗೆ ಅದೂ ಸೌದೆಯಾಯಿತು. ಮರುವರ್ಷದ ಘೋಷಣೆಯಲ್ಲಿ ರಾಣಿ ವಿಕ್ಟೋರಿಯಾ, ಇನ್ನು ಸಂಸ್ಥಾನಗಳನ್ನು ಕಬಳಿಸುವುದಿಲ್ಲವೆಂದು ಮಾತು ಕೊಟ್ಟಳು. ಕಬಳಿಸುವಂತಿಲ್ಲ ಎಂದಮೇಲೆ ಕಟ್ಟಿಹಾಕಲು ಬೇರೆ ಹಗ್ಗ ಬೇಕಿತ್ತು. ಆ ಹಗ್ಗವೇ ಈ ಆರ್ಡರ್: ರಾಣಿ ಒಡತಿ, ವೈಸ್‌ರಾಯ್ ಗ್ರ್ಯಾಂಡ್ ಮಾಸ್ಟರ್, ಅವರ ಕೆಳಗೆ ಇಪ್ಪತ್ತೈದು ನೈಟ್‌ಗಳು. ಹೈದರಾಬಾದಿನ ನಿಜಾಮ, ಗ್ವಾಲಿಯರಿನ ಸಿಂಧಿಯಾ, ಭೋಪಾಲಿನ ಸಿಕಂದರ್ ಬೇಗಂ ಮೊದಲ ಸಾಲಿನಲ್ಲೇ ಇದ್ದರು. ದುಲೀಪ್ ಸಿಂಗ್ ಕೂಡ ಇದ್ದ. 1849ರಲ್ಲಿ ಆ ಹುಡುಗನಿಂದ ಪಂಜಾಬನ್ನೂ ಕೊಹಿನೂರ್ ವಜ್ರವನ್ನೂ ಕಿತ್ತುಕೊಂಡವರು ಹನ್ನೆರಡು ವರ್ಷದ ನಂತರ ಎದೆಗೊಂದು ನಕ್ಷತ್ರ ಚುಚ್ಚಿದರು. ಉದಾರಿಗಳು!

ಆರ್ಡರನ್ನು ರೂಪಿಸಿದವರು ದಡ್ಡರೇನಲ್ಲ. ಯುರೋಪಿನ ನೈಟ್ ಪರಂಪರೆಯ ಬೇರಿರುವುದು ಕ್ರೈಸ್ತ ಧರ್ಮದಲ್ಲಿ, ಅದರ ಮುಖ್ಯ ಲಾಂಛನ ಶಿಲುಬೆ. ಹಿಂದೂ, ಮುಸ್ಲಿಂ, ಸಿಖ್ ರಾಜರ ಕೊರಳಿಗೆ ಶಿಲುಬೆ ಹಾಕಿದರೆ ಕೆಟ್ಟೀತು. ಅದಕ್ಕೇ ಕಂಠಹಾರದಲ್ಲಿ ಇಂಗ್ಲೆಂಡಿನ ಗುಲಾಬಿಯ ಪಕ್ಕ ಭಾರತದ ಕಮಲ ಬಂತು. ಮುಂದೆ 1866ರಲ್ಲಿ ಮೂರು ದರ್ಜೆಗಳಾದಾಗ ಮೇಲಿನದಕ್ಕೆ ‘ಗ್ರ್ಯಾಂಡ್ ಕ್ರಾಸ್’ ಬದಲು ‘ಗ್ರ್ಯಾಂಡ್ ಕಮಾಂಡರ್’ ಎಂದು ಹೆಸರಿಟ್ಟರು.

ಇಷ್ಟೆಲ್ಲ ಸೂಕ್ಷ್ಮ ನೋಡಿದವರು ಒಂದು ಷರತ್ತನ್ನು ಮಾತ್ರ ಸಡಿಲಿಸಲಿಲ್ಲ. ನೈಟ್ ಆದವರು ಸತ್ತಮೇಲೆ ಪದಕ, ಹಾರಗಳನ್ನು ವಾರಸುದಾರರು ಹಿಂದಿರುಗಿಸಬೇಕು. ಹಾಗೆಂದು ಮೊದಲೇ ಮುಚ್ಚಳಿಕೆ ಬರೆದುಕೊಡಬೇಕು. ನನ್ನ ಕಣ್ಣಿಗೆ ಇಡೀ ಆರ್ಡರಿನ ಜೀವ ಇರುವುದು ಇಲ್ಲಿ. ಮೊಘಲ್ ದರ್ಬಾರಿನಲ್ಲಿ ಖಿಲ್ಲತ್ತೆಂಬ ಪದ್ಧತಿ ಇತ್ತು. ಬಾದಶಹ ನಿಲುವಂಗಿ ಹೊದಿಸುತ್ತಿದ್ದ, ಕೆಲವೊಮ್ಮೆ ತಾನು ಮೈಮೇಲೆ ಧರಿಸಿದ್ದನ್ನೇ ಕೊಡುತ್ತಿದ್ದ. ಪಡೆದವನು ನಜರು ಒಪ್ಪಿಸುತ್ತಿದ್ದ. ಅದೂ ಅಧೀನತೆಯೇ, ಅನುಮಾನ ಬೇಡ. ಆದರೆ ಆ ಬಟ್ಟೆಯೊಂದಿಗೆ ಅರಸನ ಮೈಯ ಒಂದು ಅಂಶ ಪಡೆದವನಿಗೆ ಸೇರಿತೆಂಬ ನಂಬಿಕೆಯಿತ್ತು. ಅದು ಅವನ ಮನೆಯ ಭಂಡಾರದಲ್ಲಿ ಉಳಿಯುತ್ತಿತ್ತು, ಮೊಮ್ಮಕ್ಕಳು ಹಬ್ಬಹರಿದಿನಗಳಲ್ಲಿ ತೆಗೆದು ತೋರಿಸುತ್ತಿದ್ದರು. ಕಂಪನಿಯ ಕಾಲಕ್ಕೇ ಈ ಕೊಡುಕೊಳೆ ವ್ಯಾಪಾರದ ಲೆಕ್ಕವಾಗಿಬಿಟ್ಟಿತ್ತು: ಬಂದ ಉಡುಗೊರೆಗೆ ಬೆಲೆ ಕಟ್ಟು, ತೋಷಖಾನೆಗೆ ಹಾಕು, ಅಷ್ಟೇ ಬೆಲೆಯದನ್ನು ತಿರುಗಿ ಕೊಡು. ಹೊಸ ಆರ್ಡರಿನಲ್ಲಿ ಗೌರವವೇ ಎರವಲಾಯಿತು, ಮದುವೆಗೆ ಬಾಡಿಗೆ ತಂದ ಒಡವೆಯ ಹಾಗೆ. ನಿಜಾಮನಿಗೆ ಇದು ಹಿಡಿಸಲಿಲ್ಲ. ತಮ್ಮ ಉಡುಪಲ್ಲದ ಆರ್ಡರಿನ ನಿಲುವಂಗಿ ತೊಡುವುದಕ್ಕೂ ರಾಣಿಯ ಮುಖಚಿತ್ರವಿರುವ ಪದಕ ಧರಿಸುವುದಕ್ಕೂ ಆ ಕಡೆಯಿಂದ ಆಕ್ಷೇಪ ಬಂತು. ಆಕ್ಷೇಪ ದಾಖಲಾಯಿತು, ಪದಕ ಕೊರಳಿಗೆ ಬಂತು.

ಪಡೆದವರೆಲ್ಲ ಗುಲಾಮರು ಎನ್ನುವ ವಾದಕ್ಕೆ ನಾನು ಉತ್ತರಿಸಹೋಗುವುದಿಲ್ಲ.

ಆದರೆ ಇನ್ನೊಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ವಿಶ್ವೇಶ್ವರಯ್ಯನವರಿಗೆ ತಂಗಿ ಆರ್ಡರಾದ ‘ಇಂಡಿಯನ್ ಎಂಪೈರ್’ನ ಸಿ.ಐ.ಇ. 1911ರಲ್ಲಿ, ಕೆ.ಸಿ.ಐ.ಇ. 1915ರಲ್ಲಿ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು 1907ರಲ್ಲೇ ಸ್ಟಾರ್ ಆಫ್ ಇಂಡಿಯಾದ ಗ್ರ್ಯಾಂಡ್ ಕಮಾಂಡರ್. ಇವರು ಪದಕಕ್ಕಾಗಿ ದುಡಿದವರೆಂದು ಶತ್ರುವೂ ಹೇಳಲಾರ. ಕಾವೇರಿ ನೀರಿಗಾಗಿ ಮದ್ರಾಸ್ ಸರ್ಕಾರದ ಜೊತೆ ಜಗ್ಗಾಡುವಾಗ, ರೆಸಿಡೆಂಟರ ಎದುರು ಕೂತು ಮಾತಾಡುವಾಗ, ಹೆಸರಿನ ಹಿಂದೆಮುಂದೆ ನಾಲ್ಕು ಅಕ್ಷರ ಇರುವುದು ಸಂಸ್ಥಾನಕ್ಕೆ ಲಾಭವೇ. ಜಾಣರು ಪದಕವನ್ನು ಸಲಕರಣೆಯಾಗಿ ಬಳಸಿದರು ಎನ್ನುವ ಈ ಮಾತನ್ನು ಒಪ್ಪುತ್ತೇನೆ. ಒಪ್ಪಿದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ತನ್ನದೇ ನಾಡಿನ ನದಿಯ ವಿಷಯದಲ್ಲಿ ತನ್ನ ಮಾತಿಗೆ ಬೆಲೆ ಬರಲು ಒಬ್ಬ ಎಂಜಿನಿಯರಿಗೆ ಲಂಡನ್ನಿನ ಮುದ್ರೆ ಯಾಕೆ ಬೇಕಾಯಿತು? ಮುದ್ರೆಯಿಲ್ಲದೆ ಬಾಗಿಲು ತೆರೆಯದಂತೆ ಮಾಡಿದವರೇ ಮುದ್ರೆ ಹಂಚುತ್ತಿದ್ದರು.

ಷರತ್ತಿನ ಬಿಗಿ ತಿಳಿಯುವುದು ಬಿಚ್ಚಲು ಹೊರಟಾಗ. ಗೋಖಲೆ 1904ರಲ್ಲಿ ಸಿ.ಐ.ಇ. ಪಡೆದವರು, ಹತ್ತು ವರ್ಷದ ಮೇಲೆ ‘ಸರ್’ ಆಗುವ ಅವಕಾಶ ಬಂದಾಗ ಬೇಡವೆಂದರು. ಮದ್ರಾಸಿನ ಎಸ್. ಸುಬ್ರಮಣ್ಯ ಅಯ್ಯರ್ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ಅಮೆರಿಕದ ಅಧ್ಯಕ್ಷ ವಿಲ್ಸನ್‌ಗೆ 1917ರಲ್ಲಿ ಪತ್ರ ಬರೆದು ಭಾರತದ ಸ್ಥಿತಿ ತೋಡಿಕೊಂಡದ್ದಕ್ಕೆ ಅಧಿಕಾರಿಗಳು ಕೆಂಡವಾದಾಗ ತಮ್ಮ ಕೆ.ಸಿ.ಐ.ಇ.ಯನ್ನೇ ತ್ಯಜಿಸಿದರು. ಠಾಕೂರರ ‘ಸರ್’ ಈ ಆರ್ಡರುಗಳಿಗೆ ಸೇರಿದ್ದಲ್ಲ, ಸಾದಾ ನೈಟ್ ಪದವಿ. ಜಲಿಯನ್‌ವಾಲಾ ಬಾಗ್ ಆದಮೇಲೆ ಅದನ್ನು ಕಳಚಿದರು. ಗಾಂಧಿ 1920ರಲ್ಲಿ ಕೈಸರ್-ಇ-ಹಿಂದ್ ಪದಕ ಹಿಂದಿರುಗಿಸಿದರು. ಈ ಯಾರೊಬ್ಬರ ಯೋಗ್ಯತೆಯೂ ಪದಕ ಹೋದಮೇಲೆ ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ಯೋಗ್ಯತೆಗೂ ಪದಕಕ್ಕೂ ನಂಟು ಎಷ್ಟೆಂದು ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ತೋರಿಸಬೇಕು?

ಸ್ವತಂತ್ರ ಭಾರತ ಇದನ್ನೆಲ್ಲ ಕಂಡೇ ಸಂವಿಧಾನದ 18ನೇ ವಿಧಿಯಲ್ಲಿ ಬಿರುದುಗಳನ್ನು ತೆಗೆದುಹಾಕಿತು. ತೆಗೆದು ನಾಲ್ಕು ವರ್ಷಕ್ಕೆ, 1954ರಲ್ಲಿ, ಭಾರತರತ್ನ ಮತ್ತು ಪದ್ಮಗಳನ್ನು ತಂದಿತು. ಜನತಾ ಸರ್ಕಾರ 1977ರಲ್ಲಿ ನಿಲ್ಲಿಸಿತು, ಇಂದಿರಾ 1980ರಲ್ಲಿ ಮತ್ತೆ ಶುರುಮಾಡಿದರು. ಇವು ಬಿರುದುಗಳಲ್ಲ, ಹೆಸರಿಗೆ ಅಂಟಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರಿಗೆ ಆ ತೀರ್ಪಿನ ಸುದ್ದಿ ಇನ್ನೂ ಮುಟ್ಟಿಲ್ಲ. ಹಳೆಯ ಆರ್ಡರಿಗಿಂತ ಪದ್ಮ ಒಂದು ವಿಷಯದಲ್ಲಿ ನಿಶ್ಚಯವಾಗಿ ಮೇಲು: ಸತ್ತವರ ಮನೆಯಿಂದ ಪದಕ ವಾಪಸು ಕೇಳುವುದಿಲ್ಲ. ಹಾಗೆಂದು ಷರತ್ತೇ ಇಲ್ಲವೆಂದಲ್ಲ. ರಾಷ್ಟ್ರಪತಿಗಳು ಪ್ರಶಸ್ತಿಯನ್ನು ರದ್ದುಮಾಡಬಹುದು, ಆಗ ಹೆಸರನ್ನು ದಾಖಲೆಪುಸ್ತಕದಿಂದ ಅಳಿಸಲಾಗುತ್ತದೆ, ಪದಕವನ್ನೂ ಸನದನ್ನೂ ಒಪ್ಪಿಸಬೇಕು ಎಂಬ ನಿಯಮ ಅದರಲ್ಲೂ ಇದೆ. ತುರ್ತುಪರಿಸ್ಥಿತಿಯಲ್ಲಿ ಶಿವರಾಮ ಕಾರಂತರು ಆ ಕೆಲಸವನ್ನು ಸರ್ಕಾರಕ್ಕೆ ಬಿಡಲಿಲ್ಲ; ಪದ್ಮಭೂಷಣವನ್ನು ತಾವೇ ಹಿಂದಿರುಗಿಸಿದರು.